ನಡುಮನೆಯ ಗಡಿಕಲ್ಲು

ನಮ್ಮೂರಿನಲ್ಲಿ ಎದುರುಮನೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ಇವತ್ತು ಆ ಎರಡು ಮನೆಯವರು ಮಾತಾಡಿಕೊಂಡಿದ್ದಾರೋ ಇಲ್ಲವೋ ನೋಡಿಕೊಂಡು ಹೇಳಬೇಕು. ಮಾತಾಡಿಕೊಂಡಿದ್ದರೆ ನಿಂತಲ್ಲಿಂದಲೇ ಕೈ ಚಾಚಿ ಹೆಪ್ಪಿಗೆ ಮೊಸರು ಈಸಿಕೊಳ್ಳಬಹುದು. ಮುನಿಸಿಕೊಂಡಿದ್ದರೆ ಮಜ್ಜಿಗೆ ಚೊಂಬು, ಕೊಡೆ, ಗಟ್ಟಿ ಚಪ್ಪಲಿ ಎಲ್ಲ ಸಿದ್ಧಮಾಡಿಕೊಂಡು ಬೆಳಿಗ್ಗೆಯೇ ಹೊರಡಬೇಕು. ಬಾಯಿಬಿಟ್ಟು ಬೈದಾಡಿಕೊಂಡರೆ ದಾರಿ ಅಷ್ಟೇನೂ ಹಿಗ್ಗುವುದಿಲ್ಲ. ಒಳಗೇ ಇಟ್ಟುಕೊಂಡ ಮುನಿಸು ಇದೆಯಲ್ಲ, ಅದು ಹಿಗ್ಗಿಸುತ್ತದೆ. ಸುಳ್ಳು ಮುನಿಸಿಗೆ ನಮ್ಮೂರಿನ ನೆಲ ಬಗ್ಗುವುದಿಲ್ಲ. ನಮ್ಮ ಚಿಕ್ಕಪ್ಪ ಒಮ್ಮೆ ಹಿತ್ತಲು ದೊಡ್ಡದಾಗಲಿ ಎಂದು ಪಕ್ಕದ ಮನೆಯವನ ಜೊತೆ ಒಳಒಪ್ಪಂದ ಮಾಡಿಕೊಂಡು ಮುಖ ತಿರುಗಿಸಿಕೊಂಡು ಓಡಾಡಿದ. ಇಬ್ಬರಿಗೂ ಕತ್ತು ಉಳುಕಿತು, ಹಿತ್ತಲು ಒಂದು ಗೇಣೂ ಬೆಳೆಯಲಿಲ್ಲ.

ಹೀಗಾಗಿ ನಮ್ಮೂರಿನಲ್ಲಿ ಮದುವೆ ಛತ್ರ ಇಲ್ಲ. ಯಾವತ್ತೂ ಬೇಕಾಗಿಲ್ಲ. ಮದುವೆ ಗೊತ್ತಾದರೆ ಊರಲ್ಲಿ ಯಾರ ಯಾರ ನಡುವೆ ಒಳ್ಳೆಯ ಮುನಿಸು ನಡೆಯುತ್ತಿದೆ ಎಂದು ಮೊದಲು ವಿಚಾರಿಸುತ್ತೇವೆ. ಆಮೇಲೆ ಎರಡೂ ಕಡೆಯವರಿಗೆ ಎಲೆ ಅಡಿಕೆ ಕೊಟ್ಟು, ಬೀಗರ ಊಟ ಮುಗಿಯುವ ತನಕ ದಯವಿಟ್ಟು ರಾಜಿಯಾಗಬೇಡಿ ಎಂದು ಕೈಮುಗಿದು ಕೇಳಿಕೊಂಡು, ನಡುವಿನ ಜಾಗದಲ್ಲಿ ಚಪ್ಪರ ಹಾಕುತ್ತೇವೆ. ಮರ್ಯಾದಸ್ಥರು ಯಾರೂ ಮಾತು ತಪ್ಪಿದ್ದಿಲ್ಲ.

ಮಾರ್ತಾಂಡರಾಯರು ನಮ್ಮೂರಿಗೆ ಬಂದದ್ದು ಸರ್ಕಾರ ಬದಲಾದ ವರ್ಷ. ಬೇರೆ ದೇಶಗಳ ಹತ್ತಿರ ಏನಿದ್ದರೂ ನಾವೇ ಫೋನ್ ಮಾಡಿ ಮಾತಾಡುತ್ತೇವೆ, ನಡುವೆ ಈ ರಾಯಭಾರಿಗಳು ಯಾಕೆ ಎಂದು ಹೊಸ ಸರ್ಕಾರ ಅವರನ್ನೆಲ್ಲ ವಾಪಸು ಕರೆಸಿತು. ವಾಪಸು ಬಂದವರನ್ನು ರಾಜಧಾನಿಯಲ್ಲಿ ಇಟ್ಟುಕೊಳ್ಳಲು ಮತ್ತೆ ಭಯ, ಎಲ್ಲರೂ ಒಂದೇ ಕಡೆ ಕೂತು ಟೀ ಕುಡಿಯುತ್ತ ಏನೇನು ಹೆಣೆಯುತ್ತಾರೋ ಎಂದು. ಅದಕ್ಕೆ ಊರಿಗೊಬ್ಬರಂತೆ ಹಂಚಿದರು. ಪಕ್ಕದೂರಿಗೆ ಹೋದವರು ಕುರಿ ಸಂತೆಯಲ್ಲಿ ದಲ್ಲಾಳಿಯಾದರು. ಟವಲಿನ ಕೆಳಗೆ ಬೆರಳು ಹಿಡಿದು, ಮುಖದಲ್ಲಿ ಏನನ್ನೂ ತೋರಿಸದೆ ವ್ಯಾಪಾರ ಕುದುರಿಸುವ ಕೆಲಸವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲವಂತೆ. ಇನ್ನೊಬ್ಬರು ಎಲ್ಲೋ ಭಜನಾ ಮಂಡಳಿ ಸೇರಿ, ಯಾವ ಹಾಡುಗಾರನಿಗೂ ಬೇಸರವಾಗದ ಹಾಗೆ ಎಲ್ಲರ ತಾಳಕ್ಕೂ ತಲೆದೂಗುತ್ತಿದ್ದರು. ನಮ್ಮೂರಿನ ಪಾಲಿಗೆ ಬಂದವರು ಮಾರ್ತಾಂಡರಾಯರು, ಜೊತೆಗೆ ಅವರ ಹೆಂಡತಿ ಅಂಬುಜಮ್ಮ.

ನನ್ನ ಹೆಸರು ದೇವೀರಮ್ಮ. ನನ್ನ ಮನೆಗೆ ಅಂಟಿಕೊಂಡೇ ಇನ್ನೊಂದು ಪುಟ್ಟ ಮನೆ ಇದೆ, ಅದನ್ನು ಬಾಡಿಗೆಗೆ ಕೊಡುತ್ತೇನೆ. ನಡುಮನೆ, ಅಡುಗೆಮನೆ, ಹಿಂದೆ ಬಚ್ಚಲು, ಅಷ್ಟೇ. ನಡುಮನೆಯಲ್ಲಿ ಕೂತವರು ಕಾಲು ಚಾಚಿದರೆ ಅಡುಗೆಮನೆಯ ಹೊಸ್ತಿಲಿಗೆ ಹೆಬ್ಬೆರಳು ತಾಗುತ್ತದೆ. ರಾಯರು ಬಸ್ಸಿನಿಂದ ಇಳಿದದ್ದೇ ಕರಿ ಕೋಟು, ಬೆಳ್ಳಿ ಗುಂಡಿ. ಒಂದು ಕೈಯಲ್ಲಿ ಕಾರಿನ ಮುಂದೆ ಸಿಕ್ಕಿಸುವ ಪುಟ್ಟ ಬಾವುಟದ ಕಂಬಿ. ಕಾರನ್ನು ಸರ್ಕಾರ ಕಿತ್ತುಕೊಂಡಿತ್ತು, ಕಂಬಿಯನ್ನು ಬಿಟ್ಟಿತ್ತು. ಅಂಬುಜಮ್ಮನ ಕೈಯಲ್ಲಿ ಸಾರಿನ ಪುಡಿಯ ಡಬ್ಬಿ.

ನಾನು ಬೀಗ ತೆಗೆದು ತೋರಿಸಿದೆ. ಅಂಬುಜಮ್ಮ ಒಂದು ಸುತ್ತು ನೋಡಿ ಗಂಡನ ಕಡೆ ತಿರುಗಿ, "ನಿಮಗೆ ಹಿಡಿಸ್ತಾ?" ಎಂದರು. ರಾಯರು ತೊಲೆಯನ್ನು ನೋಡಿದರು, ನೆಲವನ್ನು ನೋಡಿದರು. "ಈ ಮನೆಯಲ್ಲಿ ಗಣನೀಯ ಸಾಧ್ಯತೆಗಳಿವೆ" ಎಂದರು. "ಹಿಡಿಸ್ತೋ ಇಲ್ವೋ ಅಂತ ಕೇಳ್ದೆ." "ಈ ಹಂತದಲ್ಲಿ ಅಭಿಪ್ರಾಯ ವ್ಯಕ್ತಪಡಿಸುವುದು ಆತುರವಾದೀತು. ಸರ್ಕಾರವನ್ನು ಕೇಳಿ ತಿಳಿಸಬೇಕಾಗುತ್ತದೆ" ಎಂದವರು, ಕೇಳುವುದಕ್ಕೆ ತಮ್ಮದೆನ್ನುವ ಸರ್ಕಾರವೇ ಈಗ ಇಲ್ಲ ಎಂಬುದು ನೆನಪಾಗಿ ಸಣ್ಣಗೆ ಕೆಮ್ಮಿದರು. ಅಂಬುಜಮ್ಮ ತುಟಿ ಬಿಗಿದುಕೊಂಡು ಡಬ್ಬಿಯನ್ನು ಅಡುಗೆಮನೆಗೆ ಒಯ್ದರು. ನನ್ನ ತಲೆಯ ಮೇಲೆ ತೊಲೆ ಕಿರ್ರೆಂದಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈ ಮನುಷ್ಯನಿಗೆ ಗೋಡೆಯ ಆಚೆ ಈಚೆ ಅನ್ನುವುದೇ ಮರೆತುಹೋಗಿದೆ ಅನ್ನಿಸಿತು.

ಮರುದಿನ ಬೆಳಿಗ್ಗೆ ರಾಯರು ಕೋಟು ಹಾಕಿಕೊಂಡೇ ನನ್ನ ಬಾಗಿಲಿಗೆ ಬಂದರು. ಮುಖ ಅರಳಿತ್ತು. "ದೇವೀರಮ್ಮನವರೇ, ಮನೆ ಚಿಕ್ಕದೆಂದು ತಾವು ವಿನಯದಿಂದ ಹೇಳಿದಿರಿ. ಬಹಳ ವಿಶಾಲವಾಗಿದೆ." ನಾನು ಹೋಗಿ ಇಣುಕಿದೆ. ಹೊರಗಿನಿಂದ ಅದೇ ಪುಟ್ಟ ಮನೆ, ಒಳಗೆ ನಡುಮನೆ ರಾಗಿ ಒಕ್ಕುವ ಕಣದಷ್ಟು ಹಿಗ್ಗಿದೆ. ಆ ತುದಿಯಲ್ಲಿ ಅಂಬುಜಮ್ಮ ಒಲೆ ಊದುತ್ತಿದ್ದರು. "ಸ್ವಾಮಿ, ನಮ್ಮೂರಲ್ಲಿ ಮನೆ ಸುಮ್ಸುಮ್ನೆ ದೊಡ್ದಾಗಲ್ಲ. ಅಮ್ಮಾವ್ರಿಗೆ ಏನೋ ಬೇಜಾರಾಗದೆ, ಹೋಗಿ ಕೇಳಿ" ಎಂದೆ. ರಾಯರು ನಕ್ಕರು. "ಬೇಸರವೇ? ಮದುವೆಯಾದಂದಿನಿಂದ ನಾವಿಬ್ಬರೂ ಒಂದು ಬಿರುಸು ಮಾತಾಡಿದವರಲ್ಲ. ನಮ್ಮ ಸಂಬಂಧ ಸದಾ ಸೌಹಾರ್ದಯುತ." ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳವನ್ನೇ ಆಡದವರು ಅದನ್ನು ಎಲ್ಲಿಗೆ ಮುಗಿಸಬೇಕು ಎಂದು ಗಾದೆ ಹೇಳುವುದಿಲ್ಲ.

ಇಷ್ಟು ದೊಡ್ಡ ಜಾಗ ಸಿಕ್ಕಿದ್ದೇ ಅವರ ಹಳೆಯ ಅಭ್ಯಾಸ ಎದ್ದು ಕೂತಿತು. ವಾರ ಕಳೆಯುವುದರೊಳಗೆ ಊರಿಗೆಲ್ಲ ಸತ್ಕಾರಕೂಟ. ಹೂವಿನವಳು, ಕ್ಷೌರದ ಅಂಗಡಿಯವನು, ಪೋಸ್ಟ್‌ಮಾಸ್ತರರು, ಬಸ್ಸಿನ ಕಂಡಕ್ಟರ್, ಎಲ್ಲರೂ ಹಬ್ಬದ ಬಟ್ಟೆ ಹಾಕಿಕೊಂಡು ಬಂದರು. ರಾಯರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕಿ, ಪ್ರತಿಯೊಬ್ಬರಿಗೂ ಅವರವರ ಕಸುಬಿನ ಬಗ್ಗೆ ಒಂದೊಂದು ಮಾತಾಡಿದರು. ತರಕಾರಿ ಮಾರುವವನು, "ಈ ಸಲ ಬೆಂಡೆಕಾಯಿ ಹೆಂಗಾಗ್ಬೋದು ಸ್ವಾಮಿ" ಎಂದದ್ದಕ್ಕೆ, "ಬೆಂಡೆಕಾಯಿಯ ಭವಿಷ್ಯದ ಬಗ್ಗೆ ನಾವು ಎಚ್ಚರಿಕೆಯಿಂದ ಕೂಡಿದ ಆಶಾವಾದ ಹೊಂದಿದ್ದೇವೆ" ಎಂದರು. ಅವನು ಆ ಖುಷಿಯಲ್ಲಿ ಎರಡು ಸಲ ಬೋಂಡ ತಿಂದ. ರಾಯರ ಪಕ್ಕದಲ್ಲಿ ಅಂಬುಜಮ್ಮ ರೇಷ್ಮೆ ಸೀರೆ ಉಟ್ಟು ನಗುತ್ತ ನಿಂತಿದ್ದರು. ಆ ನಗು ಶುರುವಿನಿಂದ ಕೊನೆಯ ತನಕ ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಾಗಲಿಲ್ಲ. ಅವರು ನಕ್ಕಷ್ಟೂ ಹೊತ್ತು ಹಿಂದಿನ ಗೋಡೆ ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿತ್ತು. ಬೋಂಡದ ತಟ್ಟೆ ಹಿಡಿದವರು ಮೊದಲು ನಡೆದರು, ಆಮೇಲೆ ಓಡಿದರು, ಕೊನೆಗೆ ಕಂಡಕ್ಟರ್ ಸೀಟಿ ಊದಿ ಎರಡು ತುದಿಯವರನ್ನೂ ಒಂದೆಡೆ ಸೇರಿಸಬೇಕಾಯಿತು.

ಅಲ್ಲಿಂದ ಮುಂದೆ ಊರಿಗೆ ಊರೇ ಆ ನಡುಮನೆಗೆ ಮರುಳಾಯಿತು. ಮಳೆ ಬಂದರೆ ಕಬಡ್ಡಿ ಅಲ್ಲಿ, ನಾಮಕರಣ ಅಲ್ಲಿ, ನಾಟಕದ ತಾಲೀಮು ಅಲ್ಲಿ. ರಾಯರು ನನ್ನ ಸೈಕಲ್ಲಿಗೆ ಬಾವುಟದ ಕಂಬಿ ಸಿಕ್ಕಿಸಿಕೊಂಡು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗಿ ಕುಶಲ ವಿಚಾರಿಸುತ್ತಿದ್ದರು. ಅಡುಗೆಮನೆಗೆ ಹೋಗಬೇಕಾದರೂ ಸೈಕಲ್ಲೇ. ಹೋಗಿ ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು. ಕಳೆದುಕೊಂಡ ಬಂಗಲೆ ಇಷ್ಟು ದೊಡ್ಡದಿರಲಿಲ್ಲ ಎಂದು ಅವರು ಎಲ್ಲರ ಹತ್ತಿರವೂ ಹೇಳುತ್ತಿದ್ದರು. ಯಾಕೆ ದೊಡ್ಡದಾಗಿದೆ ಎಂದು ನಾನು ಹೇಳಿದ್ದನ್ನು ಮಾತ್ರ ಹೊಗಳಿಕೆಯ ಹಾಗೆ ಕೇಳಿ ಮರೆತುಬಿಟ್ಟಿದ್ದರು.

ನನ್ನ ಮಗಳು ತುಂಗಾಳ ಮದುವೆ ಗೊತ್ತಾದದ್ದು ಆಗಲೇ. ಗಂಡಿನ ಕಡೆಯವರು ದೊಡ್ಡ ಬಳಗ. ಬೇರೆ ಜಾಗ ಹುಡುಕುವ ಮಾತೇ ಇರಲಿಲ್ಲ. ಪದ್ಧತಿಯಂತೆ ರಾಯರಿಗೆ ಎಲೆ ಅಡಿಕೆ ಕೊಟ್ಟೆ, ಅವರು ತಲೆಬಾಗಿ ತೆಗೆದುಕೊಂಡರು. ಅಂಬುಜಮ್ಮನಿಗೆ ಕೊಡಲು ಸೈಕಲ್ಲು ತುಳಿದುಕೊಂಡು ಹೋದೆ. ಅವರು ಎಲೆಯನ್ನು ಸೆರಗಿನಲ್ಲಿ ಒರೆಸುತ್ತ, "ರಾಜಿ ಆಗ್ಬೇಡಿ ಅಂತ ಕೇಳೋಕೆ ಬಂದ್ರಾ ದೇವೀರಮ್ಮನೋರೆ? ಆ ಯೋಚ್ನೆ ನಿಮಗೆ ಬೇಡ" ಎಂದರು. ಜಾಗ ಸಿಕ್ಕಿತು ಎಂದು ಹಿಗ್ಗುತ್ತ ಹೋದವಳು ವಾಪಸು ಬರುವಾಗ ಸೈಕಲ್ಲು ಹತ್ತಲಿಲ್ಲ, ತಳ್ಳಿಕೊಂಡೇ ಬಂದೆ.

ಆಮೇಲೆ ಸರ್ವೆ ಗಂಗಾಧರಪ್ಪ ಬಂದ. ಊರಿನ ಅಳತೆಯ ಕೆಲಸ ಅವನದು. ಪಾಪ, ನಮ್ಮೂರಿನಂಥ ಊರಿನಲ್ಲಿ ಅವನಿಗೆ ಒಂದು ದಿನವೂ ಬಿಡುವಿಲ್ಲ. ಸರಪಳಿ ಎಳೆದುಕೊಂಡು ನಡುಮನೆಯೊಳಗೆ ಹೋದವನು ಮಧ್ಯಾಹ್ನದ ಮೇಲೆ ಬೆವರು ಒರೆಸಿಕೊಂಡು ಹೊರಗೆ ಬಂದ. ಅಡುಗೆಮನೆಯ ಹೊಸ್ತಿಲಿಗೆ ಸ್ವಲ್ಪ ಆಚೆ, ನಮ್ಮ ತಾಲ್ಲೂಕು ಮುಗಿಯುವ ಕಡೆ, ಒಂದು ಗಡಿಕಲ್ಲು ನೆಟ್ಟು ಬಂದಿದ್ದ. "ಹಿಂಗೇ ಹೋದ್ರೆ ತುಂಗವ್ವನ ಮದ್ವೆ ದಿನ ಹೊತ್ತು ಮುಳುಗೋದ್ರೊಳಗೆ ಅಡುಗೆಮನೆ ಆಚೆ ತಾಲ್ಲೂಕಿಗೆ ಬೀಳ್ತದೆ ಬುದ್ಧಿ" ಎಂದ. ರಾಯರಿಗೆ ಮೊದಲು ರೋಮಾಂಚನವಾಯಿತು. "ನಮ್ಮ ಮನೆಯೊಳಗೇ ಗಡಿಯೇ? ಹಾಗಾದರೆ ಮಾತುಕತೆಗೆ ಅವಕಾಶವಿದೆ" ಎಂದು ಕೋಟಿನ ಗುಂಡಿ ಸರಿಮಾಡಿಕೊಂಡರು.

ನಾನು ಅವರನ್ನು ಜಗಲಿಯಲ್ಲಿ ಕೂರಿಸಿ ಗಾಣದ ಮನೆಯ ಅಣ್ಣತಮ್ಮಂದಿರ ಕಥೆ ಹೇಳಿದೆ. ಎದುರುಬದುರು ಮನೆ, ಒಂದೇ ಎತ್ತಿನ ಗಾಣ. ಯಾವುದೋ ಮಾತನ್ನು ಇಬ್ಬರೂ ನುಂಗಿಕೊಂಡರು. ಬೀದಿ ಬಯಲಾಯಿತು, ಬಯಲು ಹತ್ತಿ ಇಳಿಯುವ ಬೋರೆಯಾಯಿತು, ಒಂದು ದಿನ ತಮ್ಮನ ಮನೆ ಗಡಿಕಲ್ಲು ದಾಟಿ ಆಚೆ ತಾಲ್ಲೂಕಿಗೆ ಸೇರಿತು. ಆಮೇಲೆ ಅಣ್ಣನಿಗೆ ಬುದ್ಧಿ ಬಂದು, ಹಬ್ಬಕ್ಕೆ ಹೋಳಿಗೆ ಕಟ್ಟಿಕೊಂಡು ಹೊರಟ. ದಾರಿ ಸಿಗಲಿಲ್ಲ. ಪ್ರತಿ ಹಬ್ಬಕ್ಕೂ ಹೊರಡುತ್ತಾನೆ, ಹೋಳಿಗೆ ಹಳಸಿದ ಮೇಲೆ ವಾಪಸು ಬರುತ್ತಾನೆ. ಗಡಿಕಲ್ಲು ದಾಟಿ ಹೋದವರನ್ನು ನಮ್ಮೂರಿನವರು ಯಾರೂ ಮತ್ತೆ ನೋಡಿಲ್ಲ. "ನಿಮ್ಮ ಮನೆ ದೊಡ್ದಾಗಿರೋದು ನನ್ನ ವಿನಯಕ್ಕಲ್ಲ ಸ್ವಾಮಿ. ಅಮ್ಮಾವ್ರು ದೂರ ಹೋಗ್ತಾ ಇದಾರೆ, ಅದಕ್ಕೆ" ಎಂದೆ.

ರಾಯರು ಸರಿಮಾಡಿಕೊಂಡಿದ್ದ ಗುಂಡಿಯನ್ನು ಮತ್ತೆ ಬಿಚ್ಚಿ, "ಹಾಗಾದರೆ ಅಂಬುಜ?" ಎಂದರು. ಅವರ ಬಾಯಿಂದ ಅಷ್ಟು ಚಿಕ್ಕ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನಗೆ ಆ ಮನುಷ್ಯನ ಮೇಲೆ ಮೊದಲ ಸಲ ಮರುಕ ಬಂತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ರಾಯರು ಹೆಂಡತಿಯ ಹತ್ತಿರ ತಾವೇ ಹೋಗಲಿಲ್ಲ, ನನ್ನನ್ನು ದೂತೆಯಾಗಿ ಕಳಿಸಿದರು. ಸೈಕಲ್ಲಿಗೆ ಬಾವುಟದ ಬದಲು ಬಿಳಿ ಕರವಸ್ತ್ರ ಕಟ್ಟಿದರು. ಮೊದಲ ಸಲ ಸದ್ಭಾವನಾ ಸಂದೇಶ ಒಯ್ದೆ, ಎರಡನೆಯ ಸಲ ಒಂದು ಗೊನೆ ಬಾಳೆಹಣ್ಣು ಮತ್ತು ಶಾಲು. ಮೂರನೆಯ ಸಲ, ಎರಡೂ ಕಡೆಯವರು ಪರಸ್ಪರರ ಕಳವಳಗಳನ್ನು ಗುರುತಿಸಬೇಕೆಂಬ ಜಂಟಿ ಹೇಳಿಕೆಯ ಕರಡನ್ನು ಬಾಯಿಪಾಠ ಮಾಡಿಸಿ ಅಟ್ಟಿದರು. ನಾನು ಒಂದೊಂದು ಸಲ ಹೋದಾಗಲೂ ದಾರಿ ಮೊದಲಿಗಿಂತ ಉದ್ದವಾಗಿರುತ್ತಿತ್ತು. ಗೊನೆ ಒಯ್ಯುವಾಗ ನಡುದಾರಿಯಲ್ಲಿ ಕೂತು ಒಂದೆರಡು ಹಣ್ಣು ತಿಂದೆ, ಸುಳ್ಳು ಯಾಕೆ ಹೇಳಲಿ.

ಅಡುಗೆಮನೆ ಮಾತ್ರ ಇದ್ದಷ್ಟೇ ಇತ್ತು. ಮಣೆ, ಒಲೆ, ಸಾರಿನ ಪುಡಿಯ ಡಬ್ಬಿ. ಹಿಂಬಾಗಿಲ ಹತ್ತಿರ ಕಟ್ಟಿಟ್ಟ ಟ್ರಂಕು. ಜಂಟಿ ಹೇಳಿಕೆ ಒಪ್ಪಿಸಲು ಬಾಯಿ ತೆರೆದೆ, ಅಂಬುಜಮ್ಮ ಕೈ ಎತ್ತಿ ತಡೆದರು. "ಕೂತ್ಕೊಳ್ಳಿ, ಊಟ ಮಾಡಿ" ಎಂದು ಬಿಸಿ ಅನ್ನದ ಮೇಲೆ ಸಾರು ಹುಯ್ದರು. "ಹೇಗಿದೆ?" ಎಂದರು. "ವಸಿ ಹುಳಿ ಮುಂದಾಗದೆ ಅಮ್ಮಾವ್ರೆ. ಆದ್ರೂ ಇನ್ನೊಂದ್ ಸೌಟು ಹಾಕಿ" ಎಂದೆ. ಅಷ್ಟಕ್ಕೇ ಅವರ ಕಣ್ಣು ತುಂಬಿ ಬಂತು.

"ನೋಡಿ, ನೀವು ಎಷ್ಟು ಸಲೀಸಾಗಿ ಹೇಳಿದ್ರಿ" ಎಂದರು. "ನಾನು ಎಷ್ಟು ದೇಶದಲ್ಲಿ ಈ ಸಾರು ಮಾಡಿದೀನಿ. ಬೇಳೆ ಸಿಗದಿದ್ದ ಕಡೆನೂ ಮಾಡಿದೀನಿ. ಹೇಗಿದೆ ಅಂದ್ರೆ, ಇದರಲ್ಲಿ ಅನೇಕ ಒಳ್ಳೆ ಅಂಶಗಳಿವೆ ಅಂತಾರೆ. ಒಂದು ಸಲ, ಒಂದು ಹಿಮದ ಊರಲ್ಲಿ, ಬೇಕೂಂತಲೇ ಎರಡು ಹಿಡಿ ಉಪ್ಪು ಹಾಕಿದೆ. ಇವತ್ತಾದ್ರೂ ಬೈತಾರೆ ಅಂತ. ಪೂರ್ತಿ ಉಂಡು, ಸಾರು ಗಮನಾರ್ಹವಾಗಿದೆ ಅಂದ್ರು. ಅವತ್ತು ರಾತ್ರಿಯೆಲ್ಲ ಅತ್ತಿದೀನಿ. ಬೈಸ್ಕೊಂಡು ಯಾರಾದ್ರೂ ಅಳ್ತಾರೆ, ನಾನು ಬೈಸ್ಕೊಳ್ಳದೆ ಅತ್ತೆ." ನಾನು ಏಳಹೊರಟೆ, ಈಗಲೇ ಹೋಗಿ ರಾಯರ ಕಿವಿ ಹಿಂಡಿ ಹೇಳುತ್ತೇನೆ ಎಂದು. ಅವರು ನನ್ನ ಕೈ ಹಿಡಿದುಕೊಂಡರು. "ಹೇಳ್ಬೇಡಿ. ಇನ್ನೊಬ್ಬರು ಹೇಳ್ಕೊಟ್ಟ ಮಾತು ಅವರು ಬೇಕಾದಷ್ಟು ಆಡಿದಾರೆ, ಅದೇ ಅವರ ಕೆಲ್ಸ ಆಗಿತ್ತು. ನನಗೆ ಅದು ಬೇಡ." ಅನ್ನದ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು ನನ್ನ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮದುವೆಯ ದಿನ ಬಂತು. ಬೆಳಿಗ್ಗೆಯೇ ಮುಹೂರ್ತ, ಧಾರೆ ಚೆನ್ನಾಗಿ ಆಯಿತು. ಆಮೇಲೆ ಆ ನಡುಮನೆಯಲ್ಲಿ ಊಟದ ಪಂಕ್ತಿಗಳು. ಈ ತುದಿಯಲ್ಲಿ ಕೂತವರಿಗೆ ಆ ತುದಿಯವರು ಇರುವೆಯಷ್ಟಾಗಿ ಕಾಣುತ್ತಿದ್ದರು. ನಾಗಸ್ವರದವರು ಒಂದು ಕಡೆ ಊದಿದರೆ ಇನ್ನೊಂದು ಕಡೆ ಕೇಳುವಷ್ಟರಲ್ಲಿ ಅವರು ಮುಂದಿನ ಕೀರ್ತನೆಗೆ ಹೋಗಿರುತ್ತಿದ್ದರು. ಪಲ್ಯ ಬಡಿಸುವವರು ಸೈಕಲ್ಲಿನಲ್ಲಿ, ಅನ್ನದವರು ತಳ್ಳುಗಾಡಿಯಲ್ಲಿ. ನನ್ನ ಬೀಗರು ರುದ್ರಪ್ಪನವರು, ದೊಡ್ಡ ಪೇಟ ಕಟ್ಟಿಕೊಂಡು, ಇಂಥ ಜಾಗ ತಾವು ಎಲ್ಲೂ ಕಂಡಿಲ್ಲ ಎಂದು ತಲೆದೂಗಿದರು. ರಾಯರು ಮಾತ್ರ ಯಾರನ್ನೂ ವಿಚಾರಿಸಲಿಲ್ಲ. ಬೆಳಿಗ್ಗೆಯಿಂದ ಗಡಿಕಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು, ಊಟದ ಎಲೆಯನ್ನೂ ಅಲ್ಲಿಗೇ ಹಾಕಿಸಿಕೊಂಡಿದ್ದರು. ಅಡುಗೆಮನೆಯ ಹೊಸ್ತಿಲು ಆಗಲೇ ಕಲ್ಲಿಗೆ ಮುಟ್ಟಿತ್ತು. ಗಂಗಾಧರಪ್ಪ ಒಂದು ಕಣ್ಣು ಎಲೆಯ ಮೇಲೆ, ಒಂದು ಕಣ್ಣು ಕಲ್ಲಿನ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದ.

ಮದುವೆಯ ಸಾರನ್ನು ತಾವೇ ಮಾಡುವುದಾಗಿ ಅಂಬುಜಮ್ಮ ಮೊದಲೇ ಹೇಳಿದ್ದರು. ದೊಡ್ಡ ಕೊಪ್ಪರಿಗೆ ತಳ್ಳುಗಾಡಿಯಲ್ಲಿ ಮುಂದೆ ಹೋಯಿತು. ಊಟಕ್ಕೆ ಕೂತವರೆಲ್ಲ ಸುರ್ ಎಂದು ಎಳೆದುಕೊಂಡು, ಭೇಷ್ ಎಂದರು. ಅಂಬುಜಮ್ಮ ಹಿಂದೆ ಉಳಿದರು. ಅವರ ಕೈಯಲ್ಲಿ ಬೇರೆಯೇ ಒಂದು ಪುಟ್ಟ ಕಂಚಿನ ತಪ್ಪಲೆ. ಅದನ್ನು ನೋಡಿದ್ದೇ ನನಗೆ ಗೊತ್ತಾಗಿಹೋಯಿತು. ಓಡಿಹೋಗಿ ರಾಯರ ಹಿಂದೆ ನಿಂತೆ, ಮಾತು ಕೊಟ್ಟ ತಪ್ಪಿಗೆ ಬಾಯಿಗೆ ಸೆರಗು ತುರುಕಿಕೊಂಡು. ಅಂಬುಜಮ್ಮ ಕಲ್ಲಿನ ಆಚೆ ನಿಂತು, ಕಲ್ಲಿನ ಮೇಲಿಂದ ಬಾಗಿ ರಾಯರ ಎಲೆಗೆ ಸಾರು ಬಡಿಸಿದರು. ರಾಯರು ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡರು. ಅವರ ಕಿವಿ ಕೆಂಪಾಯಿತು. "ಸಾರು ಹೇಗಿದೆ?" ಎಂದು ಅಂಬುಜಮ್ಮ ಕೇಳಿದರು.

"ಈ ಸಾರಿನಲ್ಲಿ" ಎಂದು ರಾಯರು ಶುರುಮಾಡಿದರು. ನೆಲ ನಡುಗಿತು. ಪಂಕ್ತಿಯ ಎಲೆಗಳೆಲ್ಲ ಒಂದು ಮೊಳ ಜಾರಿದವು, ಜನ ಅನ್ನದ ಹಿಂದೆಯೇ ಕೂತಲ್ಲಿಂದ ತೆವಳಿದರು. ಹೊಸ್ತಿಲು ಕಲ್ಲಿನ ಆಚೆಗೆ ಸರಿಯಿತು. ಅಂಬುಜಮ್ಮನ ಹಿಂದೆ ಟ್ರಂಕು ಕಂಡಿತು, ಅದರ ಹಿಂದೆ ತೆರೆದ ಹಿಂಬಾಗಿಲು, ಅದರಾಚೆ ನಮ್ಮ ಊರಿನದಲ್ಲದ ಒಂದು ರಸ್ತೆ. ರಾಯರು ಟ್ರಂಕನ್ನು ನೋಡಿದರು. ಹೆಂಡತಿಯ ಮುಖವನ್ನು ನೋಡಿದರು. ಅಲ್ಲಿ ಆ ಸತ್ಕಾರಕೂಟದ ನಗು ಇರಲಿಲ್ಲ. ದಣಿದ ಒಂದು ಮುಖ, ಅಷ್ಟೇ. ಯಾರನ್ನೋ ಕೇಳುವವರ ಹಾಗೆ ಹಿಂದೆ ತಿರುಗಿದರು. ಹಿಂದೆ ಯಾವ ಸರ್ಕಾರವೂ ಇರಲಿಲ್ಲ, ಬಾಯಲ್ಲಿ ಸೆರಗು ತುರುಕಿಕೊಂಡ ನಾನಿದ್ದೆ.

"ಉಪ್ಪು ಜಾಸ್ತಿ ಆಗಿದೆ ಕಣೆ" ಎಂದರು ಮಾರ್ತಾಂಡರಾಯರು.

ಅಂಬುಜಮ್ಮನ ಕೈಯ ಸೌಟು ನಿಂತಿತು. ರಾಯರು ನಿಲ್ಲಿಸಲಿಲ್ಲ, ಕಟ್ಟೆ ಒಡೆದ ಹಾಗೆ ಬಂತು. "ಬಾಯಿಗಿಡೋಕಾಗಲ್ಲ. ಅವತ್ತೂ ಆಗಿತ್ತು, ಆ ಹಿಮದ ಊರಲ್ಲಿ. ಒಂದು ಹೂಜಿ ನೀರು ಕುಡಿದೆ ನೀನು ಮಲಗಿದ ಮೇಲೆ." "ಮತ್ತೆ ಯಾಕ್ ಹೇಳ್ಲಿಲ್ಲ?" "ಹೆದರಿಕೆ ಆಯ್ತು. ಜಾಸ್ತಿ ಅಂದ್ರೆ ನೀನು ನೊಂದ್ಕೋತೀಯ. ಚೆನ್ನಾಗಿದೆ ಅಂದ್ರೆ ಸುಳ್ಳಾಗತ್ತೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು." ಅಂಬುಜಮ್ಮ ಸೌಟು ಕೆಳಗಿಟ್ಟರು. "ಉಳಿದ ದಿನ ಹೇಗಿರ್ತಿತ್ತು?" ಎಂದರು, ಬಹಳ ಮೆತ್ತಗೆ. "ಉಳಿದ ದಿನ ರಾತ್ರಿಗೂ ಸ್ವಲ್ಪ ಎತ್ತಿಟ್ಟಿರ್ತೀಯೇನೋ ಅಂತ ಕಾಯ್ತಿದ್ದೆ" ಎಂದು ರಾಯರು ಎಲ್ಲರೆದುರಿಗೆ ಅತ್ತರು. ಅಂಬುಜಮ್ಮ ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ. "ಇಷ್ಟು ಹೇಳೋಕೆ ಸರ್ಕಾರ ಬೀಳ್ಬೇಕಾಯ್ತೇನ್ರಿ" ಎಂದು ಒಂದು ಕಾಲನ್ನು ಎತ್ತಿ ಕಲ್ಲಿನ ಈಚೆಗೆ ಇಟ್ಟರು.

ಆಮೇಲೆ ಆದದ್ದನ್ನು ನಾನು ಸರಿಯಾಗಿ ನೋಡಿದೆ ಎಂದು ಹೇಳಲಾರೆ. ಮನೆ ಒಂದೇ ಉಸಿರಿಗೆ ಒಳಕ್ಕೆ ಬಂತು. ಅಷ್ಟು ಹಿಗ್ಗಿದ ನಡುಮನೆ ತನ್ನ ಮೊದಲಿನ ಅಳತೆಗೆ ಮರಳುವಾಗ ಅದರೊಳಗಿದ್ದ ಜನಕ್ಕೆ ಹೊರಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಬಾಗಿಲಿನಿಂದ, ಕಿಟಕಿಯಿಂದ, ಬಚ್ಚಲಿನ ಕಿಂಡಿಯಿಂದ ನೆಂಟರು ಬೀದಿಗೆ ಬಿದ್ದರು. ನಾಗಸ್ವರದವರು ಊದುತ್ತಲೇ ಹೊರಗೆ ಬಂದರು. ಮದುಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ಹೊಸ್ತಿಲಲ್ಲಿ ಸಿಕ್ಕಿಹಾಕಿಕೊಂಡರು, ಬಿಡಿಸಲು ಹೋದವರಿಗೆ ಅವರೇ ಬೇಡವೆಂದರು. ಕೊಪ್ಪರಿಗೆ ಗಾಡಿಯ ಸಮೇತ ನನ್ನ ಜಗಲಿಗೆ ಹತ್ತಿತ್ತು, ಒಂದು ತೊಟ್ಟು ಚೆಲ್ಲಿರಲಿಲ್ಲ. ಬೀಗರು ರುದ್ರಪ್ಪನವರು ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂತಿದ್ದರು, ಅವರ ಪೇಟ ಪಾಯಸದ ಪಾತ್ರೆಯಲ್ಲಿ.

ಅರ್ಧ ಊಟದಲ್ಲಿ ಬೀಗರನ್ನು ಬೀದಿಗೆ ಹಾಕಿದ ಮೇಲೆ ನನ್ನ ಮಗಳ ಬಾಳು ಏನಾಗಬೇಕು. ಬೀದಿಯಾದರೋ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕು, ಅಷ್ಟೇ ಅಗಲ. ಇಷ್ಟು ಜನವನ್ನು ಎಲ್ಲಿ ಕೂರಿಸುವುದು. ರುದ್ರಪ್ಪನವರು ಪೇಟವನ್ನು ಎತ್ತಿ ಹಿಂಡಿದರು. ನನ್ನನ್ನು ನೋಡಿದರು. ಒಂದು ಮಾತೂ ಆಡದೆ ಮುಖ ಊದಿಸಿಕೊಂಡು ಆ ಕಡೆಗೆ ತಿರುಗಿ ನಿಂತರು. ಅವರ ಬಳಗವೆಲ್ಲ ಅವರ ಹಿಂದೆ ಮುಖ ಊದಿಸಿಕೊಂಡು ನಿಂತಿತು. ಗಂಡಿನ ಕಡೆಯವರ ಮುನಿಸೆಂದರೆ ಕೇಳಬೇಕೆ. ಬೀದಿ ಮಲಗಿದ್ದ ಎಮ್ಮೆ ಎದ್ದ ಹಾಗೆ ಒಮ್ಮೆ ಮೈಮುರಿದು, ಆ ತುದಿಯಿಂದ ಈ ತುದಿಗೆ ಬಯಲಾಗಿ ಬಿಚ್ಚಿಕೊಂಡಿತು. ಹೂವಿನವಳು ಗಳಗಳನೆ ನಕ್ಕಳು. ಕಂಡಕ್ಟರ್ ಸೀಟಿ ಊದಿದ. ಅಡುಗೆಯವರು ಹೊಸ ಎಲೆ ಹಾಕಿದರು, ಎಲ್ಲರೂ ಮತ್ತೆ ಕೂತರು, ರುದ್ರಪ್ಪನವರೂ ಮುಖ ಊದಿಸಿಕೊಂಡೇ ಕೂತರು. ಅವರ ಮುನಿಸಿಗೆ ನಾನು ಇವತ್ತಿಗೂ ಋಣಿ. ಎರಡನೆಯ ಹೋಳಿಗೆಗೆ ಅವರ ಹುಬ್ಬು ಸಡಿಲವಾಯಿತು, ಮೂರನೆಯದಕ್ಕೆ ಅವರೇ ಇನ್ನೊಂದು ಕೇಳಿದರು. ಜನ ಕೈ ತೊಳೆಯಲು ಏಳುವ ಹೊತ್ತಿಗೆ ಬೀದಿ ಮೆಲ್ಲಗೆ ಮಡಚಿಕೊಂಡು ಮೊದಲಿನಂತಾಗುತ್ತಿತ್ತು.

ಗಡಿಕಲ್ಲು ಈಗ ಅಂಬುಜಮ್ಮನ ಅಡುಗೆಮನೆಯಲ್ಲಿದೆ. ಮೇಲ್ಮೈ ನುಣುಪಾಗಿರುವುದರಿಂದ ಅದರ ಮೇಲೆ ಬೆಳ್ಳುಳ್ಳಿ ಜಜ್ಜಲು ಅನುಕೂಲವಂತೆ. ಗಂಗಾಧರಪ್ಪ ಎರಡು ಸಲ ವಾಪಸು ಕೇಳಿ, ಎರಡು ಸಲವೂ ಊಟ ಮಾಡಿಕೊಂಡು ಹೋದ. ನಮ್ಮಿಬ್ಬರ ಮನೆಯ ನಡುವಿನ ಗೋಡೆ ತೆಳು, ಎಲ್ಲ ಕೇಳಿಸುತ್ತದೆ. "ಹುಳಿ ಕಮ್ಮಿ." "ಹಾಗಾದ್ರೆ ನೀವೇ ಮಾಡ್ಕೊಳ್ಳಿ." "ಮಾಡ್ತೀನಿ, ಪುಡಿ ಎಲ್ಲಿದೆ?" "ಇಷ್ಟು ವರ್ಷ ಉಂಡಿದೀರಿ, ಪುಡಿ ಎಲ್ಲಿದೆ ಗೊತ್ತಿಲ್ವಾ?" ದಿನಾ ಇದೇ, ಎರಡು ಹೊತ್ತೂ. ಮನೆ ಮಾತ್ರ ಒಂದು ಗೇಣೂ ಹಿಗ್ಗಿಲ್ಲ. ಊರಿನವರು ಮದುವೆಗೆ ಬೇರೆ ಜಾಗ ಹುಡುಕಿಕೊಂಡಿದ್ದಾರೆ.

ಮೊನ್ನೆ ಸರ್ಕಾರ ಮತ್ತೆ ಬದಲಾಯಿತು, ಹಳೆಯವರೇ ವಾಪಸು ಬಂದರು. ಅವರಿಗೆ ಹಳೆಯ ರಾಯಭಾರಿಗಳೆಲ್ಲ ಬೇಕಾದರಂತೆ. ಭಜನೆಯವರು ಮೊದಲ ಬಸ್ಸಿಗೇ ಹೋದರು, ಕುರಿ ಸಂತೆಯವರು ಯೋಚಿಸಿ ಹೇಳುತ್ತೇನೆ ಎಂದರಂತೆ. ನಮ್ಮ ಬೀದಿಗೂ ಒಂದು ಉದ್ದನೆಯ ಕಾರು ಬಂದು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಅದರಿಂದ ಹೇಗೋ ಇಳಿದ ಅಧಿಕಾರಿ, ಸಮುದ್ರದಾಚೆಯ ಯಾವುದೋ ದೊಡ್ಡ ದೇಶದ ಹೆಸರು ಹೇಳಿ, ದೊಡ್ಡ ಬಂಗಲೆ, ಹೊಸ ಬಾವುಟ ಎಂದೆಲ್ಲ ವಿವರಿಸಿ, "ತಾವು ಒಪ್ಪಿದಂತೆಯೇ ತಾನೇ ಸಾರ್?" ಎಂದ. ರಾಯರು ಲುಂಗಿ ಉಟ್ಟು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನಾನು ಹೂ ಕಟ್ಟುವುದನ್ನು ನಿಲ್ಲಿಸಿದೆ. ಒಳಗೆ ಒಗ್ಗರಣೆಯ ಸದ್ದು ನಿಂತಿತು.

"ಇಲ್ಲ" ಎಂದರು ರಾಯರು, ಕಡ್ಡಿ ಮುರಿದ ಹಾಗೆ.

ಅಧಿಕಾರಿ ಉಳಿದ ವಾಕ್ಯಕ್ಕಾಗಿ ಕಾದ. ಅವನಿಗೆ ರಾಯಭಾರಿಗಳ ಮಾತಿನ ರೀತಿ ಗೊತ್ತಿತ್ತು, ಇಲ್ಲ ಎಂದ ಮೇಲೆ ಇನ್ನೂ ಬಹಳ ಇರುತ್ತದೆ ಎಂದುಕೊಂಡಿದ್ದ. ಒಳಗಿನಿಂದ ಅಂಬುಜಮ್ಮ, "ಸಾರು ಆರ್ತಾ ಇದೆ" ಎಂದರು. ರಾಯರು ಬೀಜಗಳನ್ನು ಅಧಿಕಾರಿಯ ಅಂಗೈಗೆ ಸುರಿದು, ಲುಂಗಿ ಕೊಡವಿಕೊಂಡು ಎದ್ದು, ಎರಡೇ ಹೆಜ್ಜೆಗೆ ಅಡುಗೆಮನೆ ಸೇರಿದರು.